ಹದಿನಾರರ ಹರೆಯಕ್ಕೆ ಮನಶ್ಶಾಸ್ತ್ರ

ಮನಸ್ಸಿನ ವಿಚಾರ ಕಲ್ಯಾಣದ ನೆಲಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಸಂಸ್ಕೃತ ಗ್ರಂಥಕ್ಕೆ ‘ಮಾನಸೋಲ್ಲಾಸ’ವೆಂದು ಹೆಸರಿಟ್ಟನು. ಅದೇ ಶತಮಾನದಲ್ಲಿ ಅದೇ ಊರಿನಲ್ಲಿ ಕೂಡಿದ ಶರಣರು ಮನಸ್ಸಿನ ಚಾಂಚಲ್ಯವನ್ನೂ ಭಯವನ್ನೂ ಕಪಟವನ್ನೂ ಆಡುಮಾತಿನ ಕನ್ನಡದಲ್ಲಿಯೇ ಒರೆಗೆ ಹಚ್ಚಿದರು. ಆದರೆ ಮನಸ್ಸು ತರಗತಿಯ ಪಾಠವಾಗಿ, ಪರೀಕ್ಷೆಯ ವಿಷಯವಾಗಿ ಬಂದ ಕಥೆ ತೀರ ಈಚಿನದು. ಹುಮನಾಬಾದ್ ಕಡೆಯ ಕೊಡಂಬಲವನ್ನು ಕಣ್ಣಮುಂದಿಟ್ಟುಕೊಂಡು ಆ ಕಥೆಯನ್ನು ಹೇಳಬೇಕೆನಿಸುತ್ತದೆ. ವಿಶ್ವವಿದ್ಯಾನಿಲಯದ ಮಹಡಿಯಿಂದ ಕಂಡ ವಿದ್ಯಾಭ್ಯಾಸದ ಚರಿತ್ರೆ ಒಂದು ಬಗೆ. ಹಳ್ಳಿಯ ಅಗಸೆಯಿಂದ ಕಂಡದ್ದು ಇನ್ನೊಂದು ಬಗೆ.

ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ವುಂಟ್ ಎಂಬ ವಿದ್ವಾಂಸನು ೧೮೭೯ರಲ್ಲಿ ಪ್ರಯೋಗಶಾಲೆಯನ್ನು ತೆರೆದಂದಿನಿಂದ ಮನಶ್ಶಾಸ್ತ್ರವು ತತ್ತ್ವಶಾಸ್ತ್ರದ ಮನೆಯಿಂದ ಬೇರೆಯಾಯಿತೆಂದು ಹೇಳುವುದು ವಾಡಿಕೆ. ನಮ್ಮ ದೇಶದಲ್ಲಿ ೧೯೦೫ರಷ್ಟು ಹಿಂದೆಯೇ ಕಲ್ಕತ್ತೆಯ ವಿಶ್ವವಿದ್ಯಾನಿಲಯಕ್ಕಾಗಿ ಪ್ರಯೋಗಾತ್ಮಕ ಮನಶ್ಶಾಸ್ತ್ರದ ಪಠ್ಯಕ್ರಮವನ್ನು ಸಿದ್ಧಪಡಿಸಿದವರು ಆಚಾರ್ಯ ಬ್ರಜೇಂದ್ರನಾಥ ಸೀಲರು. ಅಲ್ಲಿ ೧೯೧೬ರ ಹೊತ್ತಿಗೆ ಪ್ರತ್ಯೇಕ ವಿಭಾಗ ಮೊದಲಾಯಿತು. ಇದೇ ಸೀಲರು ೧೯೨೧ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿ ಬಂದುದು ಕನ್ನಡ ನಾಡಿನ ಭಾಗ್ಯವೆನ್ನಬೇಕು. ಅವರ ಕಾಲದಲ್ಲಿಯೇ, ೧೯೨೪ರಲ್ಲಿ, ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಹುಟ್ಟಿತು. ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಕಲಿತು ಬಂದ ಎಂ. ವಿ. ಗೋಪಾಲಸ್ವಾಮಿಯವರು ಅದನ್ನು ಕಟ್ಟಿದರು. ೧೯೩೫ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದ ಗೋಪಾಲಸ್ವಾಮಿಯವರೇ ಇವರು. ಆದರೆ ಈ ವಿದ್ಯೆ ದೊರೆಯುತ್ತಿದ್ದುದು ಪದವಿಯ ಮಟ್ಟದಲ್ಲಿ, ಇಂಗ್ಲಿಷಿನಲ್ಲಿ, ಮೈಸೂರಿನಂಥ ನಗರದಲ್ಲಿ.

ಆಗ ಕೊಡಂಬಲ ಎಲ್ಲಿತ್ತು? ನಿಜಾಮರ ರಾಜ್ಯದಲ್ಲಿತ್ತು. ೧೯೧೮ರಲ್ಲಿ ಸ್ಥಾಪಿತವಾದ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಎಲ್ಲ ಶಾಸ್ತ್ರಗಳನ್ನೂ ಉರ್ದುವಿನಲ್ಲಿ ಕಲಿಸುವ ಸಾಹಸವನ್ನು ಕೈಕೊಂಡಿತು. ಅದಕ್ಕಾಗಿ ಭಾಷಾಂತರ ಸಂಸ್ಥೆಯೊಂದನ್ನೇ ಕಟ್ಟಿ ಸಾವಿರಾರು ಪಾರಿಭಾಷಿಕ ಶಬ್ದಗಳನ್ನು ಟಂಕಿಸಿದರು. ಮನಶ್ಶಾಸ್ತ್ರಕ್ಕೆ ಉರ್ದುವಿನಲ್ಲಿ ‘ನಫ್ಸಿಯಾತ್’ ಎಂದು ಹೆಸರು. ದೇಶಭಾಷೆಯಲ್ಲಿ ಉನ್ನತ ಶಿಕ್ಷಣ ಸಾಧ್ಯವೆಂದು ತೋರಿಸಿದ ಆ ಸಾಹಸವನ್ನು ಮೆಚ್ಚಲೇಬೇಕು. ಆದರೆ ಬೀದರ ಸೀಮೆಯ ಕನ್ನಡಿಗನ ಪಾಲಿಗೆ ಆ ದೇಶಭಾಷೆ ಮನೆಯ ಭಾಷೆಯಾಗಿರಲಿಲ್ಲ. ಮೈಸೂರಿನ ಹುಡುಗನಿಗೂ ಮನಸ್ಸಿನ ವಿದ್ಯೆಗೂ ನಡುವೆ ಇಂಗ್ಲಿಷಿನ ಗೋಡೆಯಿದ್ದರೆ, ಕೊಡಂಬಲದ ಹುಡುಗನಿಗೆ ಉರ್ದುವಿನ ಗೋಡೆ ಮೊದಲು, ಇಂಗ್ಲಿಷಿನದು ಅನಂತರ. ಹುಡುಗಿಯರ ಮಾತನ್ನಂತೂ ಎತ್ತುವುದೇ ಬೇಡ. ೧೯೪೮ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. ೧೯೫೬ರ ನವೆಂಬರ್ ೧ರಂದು ಬೀದರ ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು.

ಈ ನಡುವೆ ಕನ್ನಡದ ಮಕ್ಕಳ ಬುದ್ಧಿಯನ್ನು ಕನ್ನಡದಲ್ಲಿಯೇ ಅಳೆಯುವ ಪ್ರಯತ್ನವೊಂದು ನಡೆದಿತ್ತು. ಫ್ರಾನ್ಸಿನ ಬಿನೆ ೧೯೦೫ರಲ್ಲಿ ರಚಿಸಿದ ಬುದ್ಧಿಪರೀಕ್ಷೆಯನ್ನು ಅಮೆರಿಕನ್ನರು ೧೯೧೬ರಲ್ಲಿ ತಮಗೆ ಹೊಂದಿಸಿಕೊಂಡರು. ಅದನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ತಕ್ಕಂತೆ ತಿದ್ದಿ ಹೊಂದಿಸಿದವರು ವಿ. ವಿ. ಕಾಮತರು. ಇದರ ವಿವರವನ್ನೊಳಗೊಂಡ ಅವರ ಇಂಗ್ಲಿಷ್ ಗ್ರಂಥ ೧೯೪೦ರಲ್ಲಿ ಹೊರಬಿತ್ತು. ‘ಬಿನೆ-ಕಾಮತ್ ಪರೀಕ್ಷೆ’ ಎಂಬ ಹೆಸರಿನಿಂದ ಅದು ಭಾರತದ ಅನೇಕ ಚಿಕಿತ್ಸಾಲಯಗಳಲ್ಲಿ ಇಂದಿಗೂ ಪರಿಚಿತವಾಗಿದೆ. ಮನಸ್ಸಿನ ಶಾಸ್ತ್ರಕ್ಕೆ ಮಗುವಿನ ಮಾತು ಬೇಕು, ಪರಭಾಷೆಯ ಪ್ರಶ್ನೆಗೆ ಮಗು ಉತ್ತರಿಸದಿದ್ದರೆ ದೋಷ ಮಗುವಿನದಲ್ಲ ಎಂಬುದು ಆ ಕೆಲಸದಿಂದ ನಾವು ಕಲಿಯಬೇಕಾದ ಪಾಠ.

ಹದಿಹರೆಯದವರಿಗೆ ಈ ವಿಷಯವನ್ನು ಕಲಿಸಬೇಕೆಂಬ ಮಾತು ರಾಷ್ಟ್ರದ ಮಟ್ಟದಲ್ಲಿ ಬಂದುದು ಸ್ವಾತಂತ್ರ್ಯಾನಂತರ. ಡಾ. ಲಕ್ಷ್ಮಣಸ್ವಾಮಿ ಮೊದಲಿಯಾರರ ಅಧ್ಯಕ್ಷತೆಯಲ್ಲಿ ೧೯೫೨ರಲ್ಲಿ ನೇಮಕವಾದ ಮಾಧ್ಯಮಿಕ ಶಿಕ್ಷಣ ಆಯೋಗವು ಮರುವರ್ಷ ವರದಿಯನ್ನೊಪ್ಪಿಸಿತು. ಹೈಯರ್ ಸೆಕೆಂಡರಿ ಶಾಲೆಗಳ ಮಾನವಿಕ ವಿಷಯಗಳ ಪಟ್ಟಿಯಲ್ಲಿ ಇತಿಹಾಸ, ಭೂಗೋಳಗಳ ಜೊತೆಗೆ ಮನಶ್ಶಾಸ್ತ್ರ ಮತ್ತು ತರ್ಕಶಾಸ್ತ್ರದ ಮೂಲತತ್ತ್ವಗಳಿಗೂ ಅದು ಸ್ಥಾನವನ್ನು ಕೊಟ್ಟಿತು. ಅಮೆರಿಕದಲ್ಲಿ ಪ್ರೌಢಶಾಲೆಯ ವಿದ್ಯಾರ್ಥಿಗಳು ಕಾಲೇಜು ಮಟ್ಟದ ಪಾಠವನ್ನು ಓದುವ ‘ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್’ ಎಂಬ ಏರ್ಪಾಡಿದೆ. ಅದರಲ್ಲಿ ಮನಶ್ಶಾಸ್ತ್ರಕ್ಕೆ ಮೊದಲ ಪರೀಕ್ಷೆ ನಡೆದುದು ೧೯೯೨ರಲ್ಲಿ. ಹಾಗೆಂದು ಅಲ್ಲಿನ ಶಾಲೆಗಳಲ್ಲಿ ಆ ಮೊದಲು ಮನಶ್ಶಾಸ್ತ್ರವೇ ಇರಲಿಲ್ಲವೆಂದಲ್ಲ; ಆದರೂ ನಮ್ಮ ಆಯೋಗದ ಮಾತು ಅದಕ್ಕಿಂತ ಸುಮಾರು ನಾಲ್ವತ್ತು ವರ್ಷ ಹಳೆಯದೆಂಬುದನ್ನು ನೆನೆಯಬೇಕು.

ಮಾತು ಮುಂದಾಯಿತು, ಕೆಲಸ ಹಿಂದಾಯಿತು. ಹಲವು ವಿಷಯಗಳನ್ನು ಕಲಿಸುವ ಶಾಲೆಗೆ ಹಲವು ಉಪಾಧ್ಯಾಯರು ಬೇಕು, ಉಪಕರಣಗಳು ಬೇಕು, ಹಣ ಬೇಕು. ೧೯೬೪-೬೬ರ ಕೊಠಾರಿ ಆಯೋಗವು ಹತ್ತನೆಯ ತರಗತಿಯವರೆಗೆ ಎಲ್ಲರಿಗೂ ಒಂದೇ ಬಗೆಯ ಶಿಕ್ಷಣವಿರಲಿ, ಐಚ್ಛಿಕ ವಿಷಯಗಳು ಅದರ ಮೇಲಿರಲಿ ಎಂದಿತು. ಹೀಗೆ ಮನಶ್ಶಾಸ್ತ್ರವು ಹನ್ನೊಂದು-ಹನ್ನೆರಡನೆಯ ವರ್ಷಗಳಿಗೆ ಸರಿಯಿತು. ಇಲ್ಲೊಂದು ಹೆಸರಿನ ಸ್ವಾರಸ್ಯವಿದೆ. ಹನ್ನೊಂದನೆಯ ವರ್ಷದ ವಿದ್ಯಾರ್ಥಿ ಅಮೆರಿಕದಲ್ಲಿ ಇನ್ನೂ ಶಾಲೆಯ ಹುಡುಗ. ನಮ್ಮ ರಾಜ್ಯದಲ್ಲಿಯಾದರೋ ಪಿ.ಯು.ಸಿ. ಸೇರಿದ ದಿನವೇ ಅವನು ‘ಕಾಲೇಜು’ ವಿದ್ಯಾರ್ಥಿ! ವಯಸ್ಸು ಒಂದೇ, ಬೋರ್ಡು ಬೇರೆ. ಪಿ.ಯು.ಸಿ.ಯ ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ಮನಶ್ಶಾಸ್ತ್ರದ ಹೆಸರಿದೆ. ಆದರೆ ಪಟ್ಟಿಯಲ್ಲಿರುವುದೆಲ್ಲ ಎಲ್ಲ ಕಾಲೇಜುಗಳಲ್ಲಿ ಸಿಗುವುದಿಲ್ಲ. ಎಲೆಯ ಕೊನೆಗೆ ಕುಳಿತವನಿಗೆ ಭಕ್ಷ್ಯದ ಹೆಸರು ಕೇಳಿಸುತ್ತದೆ. ಬಡಿಸುವವರು ಅಲ್ಲಿಯವರೆಗೆ ಬಂದಿರುವುದಿಲ್ಲ.

ಹಳ್ಳಿಗೆ ಈ ವಿದ್ಯೆ ಬಂದ ಹಿತ್ತಿಲ ದಾರಿ ಬೇರೊಂದಿತ್ತು. ಅದು ಶಿಕ್ಷಕರ ತರಬೇತಿ. ಎಸ್.ಎಸ್.ಎಲ್.ಸಿ. ಮುಗಿಸಿ ಟಿ.ಸಿ.ಎಚ್. ಸೇರುತ್ತಿದ್ದ ಕಾಲದಲ್ಲಿ ಹದಿನಾರು ಹದಿನೇಳರ ತರುಣ ತರುಣಿಯರು ಶೈಕ್ಷಣಿಕ ಮನೋವಿಜ್ಞಾನವನ್ನು ಕನ್ನಡದಲ್ಲಿಯೇ ಓದಿದರು. ಸ್ಮೃತಿ, ಅವಧಾನ, ಅಭಿಪ್ರೇರಣೆ ಮುಂತಾದ ಶಬ್ದಗಳು ನಮ್ಮ ಪ್ರಾಥಮಿಕ ಶಾಲೆಗಳ ಉಪಾಧ್ಯಾಯರ ಬಾಯಲ್ಲಿ ನೆಲೆಸಿದುದು ಹೀಗೆ. ದೊಡ್ಡ ಗ್ರಂಥಕರ್ತರ ಸಾಲಿನಲ್ಲಿ ಹೆಸರಿಲ್ಲದ ಆ ಗೈಡು-ನೋಟ್ಸುಗಳ ಕನ್ನಡಕ್ಕೆ ನಾವು ಋಣಿಗಳು.

ಕನ್ನಡ ಅಧ್ಯಾಪಕನಾದ ನನಗೆ ಇದರಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಒಂದು ಉದಾಹರಣೆ ಕೊಡುತ್ತೇನೆ. ಜರ್ಮನ್ ವಿದ್ವಾಂಸ ಎಬಿಂಗ್‌ಹೌಸ್ ನೆನಪನ್ನು ಅಳೆಯಲು ಸುಮಾರು ೨,೩೦೦ ಅರ್ಥಹೀನ ಉಚ್ಚಾರಗಳನ್ನು ಮಾಡಿಕೊಂಡು ತಾನೇ ಉರುಹೊಡೆದನು. ೧೮೮೫ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಈ ಪ್ರಯೋಗವನ್ನು ಕೊಡಂಬಲದ ಹುಡುಗಿಗೆ ಮಾಡಿಸಬೇಕೆಂದುಕೊಳ್ಳಿ. ‘ಡರ್’ ಎಂಬುದು ದಕ್ಷಿಣದ ಹಳ್ಳಿಯ ಮಗುವಿಗೆ ಬರಿಯ ಸದ್ದು. ಕನ್ನಡ, ಉರ್ದು, ಮರಾಠಿ ಮೂರೂ ಕಿವಿಗೆ ಬೀಳುವ ಬೀದರ ಸೀಮೆಯಲ್ಲಿ ಅದರ ಅರ್ಥ ಭಯ! ಒಂದೇ ನಾಡಿನೊಳಗೆ ಒಂದು ಕಡೆಯ ಅರ್ಥಹೀನ ಪದ ಇನ್ನೊಂದು ಕಡೆ ಎದೆ ನಡುಗಿಸುವ ಪದ. ಮೈಸೂರಿನಲ್ಲಿ ಬರೆದ ಪುಸ್ತಕವನ್ನು ಹಾಗೆಯೇ ಕಳುಹಿಸಿಕೊಟ್ಟರೆ ಸಾಲದು. ಆ ಸೀಮೆಯ ಮಾತಿನಿಂದಲೇ ಪಾಠವನ್ನು ಕಟ್ಟಬೇಕು.

ಇದು ಪಂಡಿತರ ಚರ್ಚೆ ಮಾತ್ರವಲ್ಲ. ಪರೀಕ್ಷೆಯ ಫಲಿತಾಂಶ ಬಂದ ಮರುದಿನ ಪತ್ರಿಕೆ ತೆರೆಯಲು ಹೆದರುವ ತಂದೆತಾಯಿಗಳಲ್ಲಿ ನಾನೂ ಒಬ್ಬನು. ಬೆಂಗಳೂರಿನಲ್ಲಿ ೧೯೫೪ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ, ೧೯೭೪ರಿಂದ ನಿಮ್ಹಾನ್ಸ್ ಆಗಿ, ಜಗತ್ತಿಗೆ ಪರಿಚಿತವಾಗಿದೆ. ರೋಗ ಬಂದ ಮೇಲೆ ಹೋಗಲು ಅಂಥ ಆಸ್ಪತ್ರೆ ಬೇಕು, ನಿಜ. ಆದರೆ ಭಯವೆಂದರೇನು, ಮರೆವು ಏಕೆ ಬರುತ್ತದೆ, ಸೋತ ಮನಸ್ಸು ಹೇಗೆ ಮತ್ತೆ ಎದ್ದು ನಿಲ್ಲುತ್ತದೆ ಎಂಬುದನ್ನು ಹದಿನಾರರ ಹರೆಯದಲ್ಲಿ ತನ್ನ ಮಾತಿನಲ್ಲೇ ಓದಿ ತಿಳಿಯುವ ಅವಕಾಶ ಅದಕ್ಕಿಂತ ಹತ್ತಿರದಲ್ಲಿರಬೇಕು. ೧೯೫೩ರಲ್ಲಿ ಕಾಗದದ ಮೇಲೆ ಕೊಟ್ಟ ಮಾತು ಕೊಡಂಬಲದ ಪಾಲಿಗೆ ಸಲ್ಲಬೇಕಾದ ಬಾಕಿ.