ಬಳಲಿದ ಹೃದಯಕ್ಕೆ ಅರಿವಳಿಕೆ

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎನ್ನುತ್ತಾರೆ. ಹೃದಯದ ಕಾಯಿಲೆಯಿರುವ ಬಸುರಿಯ ಪಾಲಿಗೆ ಈ ಮಾತು ಅಕ್ಷರಶಃ ನಿಜ. ಆಕೆ ಬೆಂಗಳೂರಿನಲ್ಲಿರಲಿ, ಕೊಡಗಿನ ಬಿಟ್ಟಂಗಾಲದಲ್ಲಿರಲಿ, ಪ್ರಶ್ನೆ ಒಂದೇ: ಅರಿವಳಿಕೆಯನ್ನು ಆ ಹೃದಯ ತಾಳೀತೇ?

ಎಡಿನ್‌ಬರೋದ ಜೇಮ್ಸ್ ಯಂಗ್ ಸಿಂಪ್ಸನ್ 1847ರಲ್ಲಿ ಹೆರಿಗೆಗೆ ಮೊದಲು ಈಥರ್, ಬಳಿಕ ಕ್ಲೋರೋಫಾರ್ಮ್ ಬಳಸಿದರು. ಮರುವರ್ಷವೇ ಇಂಗ್ಲೆಂಡಿನಲ್ಲಿ ಕಾಲುಗುರು ತೆಗೆಸಿಕೊಳ್ಳಲು ಹೋದ 15ರ ಹುಡುಗಿ ಹನ್ನಾ ಗ್ರೀನರ್ ಕ್ಲೋರೋಫಾರ್ಮ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ಸತ್ತಳು. ಮೊದಲು ನಿಂತದ್ದು ಉಸಿರೋ, ಹೃದಯವೋ?

ಈ ವಾದ ಭಾರತಕ್ಕೂ ಬಂತು. ಬೀದರ್, ಕಲಬುರಗಿ, ರಾಯಚೂರು ಸೇರಿದ್ದ ನಿಜಾಮ ಸಂಸ್ಥಾನದ ರಾಜಧಾನಿ ಹೈದರಾಬಾದಿನಲ್ಲಿ 1888 ಮತ್ತು 1889ರಲ್ಲಿ ಎಡ್ವರ್ಡ್ ಲಾರಿಯ ಮುಂದಾಳುತನದ ಆಯೋಗಗಳು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿದವು. ಉಸಿರಾಟ ಗಮನಿಸಿದರೆ ಸಾಕು, ಹೃದಯಕ್ಕೆ ನೇರ ಅಪಾಯವಿಲ್ಲ ಎಂಬುದು ಅವುಗಳ ತೀರ್ಮಾನ. ಕ್ಲೋರೋಫಾರ್ಮ್ ಹೃದಯದ ಬಡಿತವನ್ನೇ ಕೆಡಿಸಿ ಕೊಲ್ಲಬಲ್ಲದೆಂದು 1911ರಲ್ಲಿ ಎ. ಜಿ. ಲೆವಿ ತೋರಿಸಿದಾಗ ಆ ನಂಬಿಕೆ ಕುಸಿಯಿತು. ಅರಿವಳಿಕೆ ಕೊಡುವವರು ಹೃದಯವನ್ನೂ ಕಾಯಬೇಕೆಂಬ ಪಾಠ ಉಳಿಯಿತು.

ಬಸಿರಿನಲ್ಲಿ ರಕ್ತದ ಪ್ರಮಾಣ ಶೇ. 40ರಿಂದ 50ರಷ್ಟು ಹೆಚ್ಚುತ್ತದೆ. ಬಾಲ್ಯದ ಕೀಲುವಾತ ಜ್ವರದಿಂದ ಹೃದಯದ ಮೈಟ್ರಲ್ ಕವಾಟ ಕಿರಿದಾಗಿರುವುದು ನಮ್ಮಲ್ಲಿ ಹೆಚ್ಚು. ಹೆರಿಗೆ ನೋವಿಗೆ ನಾಡಿ ಓಡಿದರೆ ಆ ಕಿರಿದಾದ ಬಾಗಿಲಲ್ಲಿ ರಕ್ತ ದಾಟಲು ಸಮಯ ಸಾಲದು. ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಹೀಗಾಗಿ ಈಕೆಗೆ ನೋವು ತಗ್ಗಿಸುವುದು ಸುಖೋಪಚಾರವಲ್ಲ, ಚಿಕಿತ್ಸೆ. ಬೆನ್ನಿಗೆ ಒಂದೇ ಸಲ ಪೂರ್ತಿ ಮದ್ದು ಚುಚ್ಚಿದರೆ ರಕ್ತದೊತ್ತಡ ತಟ್ಟನೆ ಕುಸಿಯಬಹುದು. ತೆಳು ನಳಿಗೆಯ ಮೂಲಕ ಸ್ವಲ್ಪಸ್ವಲ್ಪವೇ ಮದ್ದು ಹರಿಸುವ ಎಪಿಡ್ಯೂರಲ್ ವಿಧಾನಕ್ಕೆ ಬೆಲೆ ಬಂದದ್ದು ಇದರಿಂದಲೇ. ಮಗು ಹುಟ್ಟಿದ ಮೇಲೂ ನಿಶ್ಚಿಂತೆಯಿಲ್ಲ. ಗರ್ಭಕೋಶ ಕುಗ್ಗಿ ರಕ್ತ ಹೃದಯಕ್ಕೆ ನುಗ್ಗುವ ಆ ಹೊತ್ತೇ ಬಲು ನಾಜೂಕು.

ಇದಕ್ಕೆಲ್ಲ ಹೃದ್ರೋಗ, ಹೆರಿಗೆ, ಅರಿವಳಿಕೆ ತಜ್ಞರು ಒಟ್ಟಿಗೆ ಬೇಕು. ಬಿಟ್ಟಂಗಾಲದಿಂದ ಮೈಸೂರು ಸುಮಾರು 100 ಕಿ.ಮೀ.; ಕೊಡಗಿಗೆ ರೈಲಿಲ್ಲ, ಮಳೆಗಾಲದಲ್ಲಿ ರಸ್ತೆಯ ಭರವಸೆಯೂ ಕಡಿಮೆ. ನೋವು ಶುರುವಾದ ಮೇಲೆ ಹೊರಟರೆ ತಡವಾದೀತು. ಏದುಸಿರು ಬಸಿರಿನಲ್ಲಿ ಸಹಜವೆಂದು ತಳ್ಳಿಹಾಕದೆ, ಮೊದಲ ತಿಂಗಳುಗಳಲ್ಲೇ ಯಾರಾದರೂ ಸ್ಟೆತಸ್ಕೋಪ್ ಇಟ್ಟು ಎದೆಬಡಿತ ಕೇಳಬೇಕು. ಕವಾಟ ತೀರಾ ಕಿರಿದಾಗಿದ್ದರೆ ಬಸಿರಿನಲ್ಲೇ ಬಲೂನಿನಿಂದ ಅಗಲಿಸಲೂ ಸಾಧ್ಯ. ಒಳ್ಳೆಯ ಅರಿವಳಿಕೆಯ ಸಿದ್ಧತೆ ಶುರುವಾಗಬೇಕಾದದ್ದು ಊರಿನ ಆಸ್ಪತ್ರೆಯ ಆ ಮೊದಲ ತಪಾಸಣೆಯಲ್ಲೇ.