ಬಂದೋಬಸ್ತಿನ ಬೇರು: ವಿಜಯಪುರ ಸೀಮೆಯ ಕನ್ನಡದಲ್ಲಿ ಇಂಡೋ-ಯುರೋಪಿಯನ್ ಪದಗಳು

ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕಿನ ಬಿಜ್ಜರಗಿ, ಮಹಾರಾಷ್ಟ್ರದ ಜತ್ತ ಸೀಮೆಗೆ ಹತ್ತಿರದ ಊರು. ಇಲ್ಲಿಯ ಕನ್ನಡ, ತಮಿಳು ತೆಲುಗು ತುಳುಗಳೊಡನೆ ಒಂದೇ ಮೂಲದಿಂದ ಕವಲೊಡೆದ ದ್ರಾವಿಡ ಭಾಷೆ. ಸಂಸ್ಕೃತ, ಪಾರಸಿ, ಗ್ರೀಕ್, ಲ್ಯಾಟಿನ್, ಇಂಗ್ಲಿಷ್‌ಗಳನ್ನು ಒಳಗೊಂಡ ಇಂಡೋ-ಯುರೋಪಿಯನ್ ಕುಟುಂಬಕ್ಕೆ ಅದು ಸೇರಿದುದಲ್ಲ. ಆದರೂ ಸಾವಿರಾರು ವರ್ಷಗಳ ಹಿಂದೆ ಒಂದನ್ನೊಂದು ಬಿಟ್ಟು ದೂರವಾದ ಆ ಕುಟುಂಬದ ಶಾಖೆಗಳ ಪದಗಳು ಈ ಸೀಮೆಯ ಮಾತಿನಲ್ಲಿ ಮತ್ತೆ ಒಂದೆಡೆ ಕೂಡಿವೆ. ಸಂಸ್ಕೃತ ಮತ್ತು ಪ್ರಾಕೃತದ ಪದಗಳು ಶಾಸನಗಳ ಕಾಲದಿಂದಲೂ ಬಂದಿವೆ. 1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯ ಮತ್ತು 1490ರಿಂದ 1686ರವರೆಗೆ ಆಳಿದ ಆದಿಲಶಾಹಿಗಳ ಮೂಲಕ ಪಾರಸಿಯ ಪದಗಳು ಕಚೇರಿಗೂ ಹೊಲಕ್ಕೂ ಇಳಿದವು. ಮುಂಬಯಿ ಪ್ರಾಂತದ ಆಡಳಿತದಲ್ಲಿ ಮರಾಠಿಯ ಜೊತೆಗೆ ಇಂಗ್ಲಿಷ್ ಸೇರಿತು. ಒಂದು ಪದದ ಚರಿತ್ರೆಯನ್ನು ಬರೆಯುವವರು ಅದರ ಬೇರನ್ನು ಮಾತ್ರವಲ್ಲದೆ ಅದು ನಡೆದುಬಂದ ದಾರಿಯನ್ನೂ ತೋರಿಸಬೇಕು ಎಂಬುದಕ್ಕೆ ಈ ಸೀಮೆಗಿಂತ ಒಳ್ಳೆಯ ಸಾಕ್ಷಿ ಅಪರೂಪ.

ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ 1786ರಲ್ಲಿ ಮಾತನಾಡಿದ ವಿಲಿಯಂ ಜೋನ್ಸ್, ಸಂಸ್ಕೃತ, ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳ ಹೋಲಿಕೆ ಆಕಸ್ಮಿಕವಾಗಿರಲಾರದೆಂದೂ, ಬಹುಶಃ ಈಗ ಉಳಿದಿರದ ಒಂದು ಸಮಾನ ಮೂಲದಿಂದ ಅವು ಹುಟ್ಟಿರಬೇಕೆಂದೂ ಹೇಳಿದರು. 1816ರಲ್ಲಿ ಫ್ರಾಂಟ್ಸ್ ಬಾಪ್ ಈ ಭಾಷೆಗಳ ಕ್ರಿಯಾರೂಪಗಳನ್ನು ಹೋಲಿಸಿ ಈ ಊಹೆಯನ್ನು ಶಾಸ್ತ್ರವಾಗಿಸಿದರೆ, ಅದೇ ವರ್ಷ ಮದರಾಸಿನಲ್ಲಿ ಎಫ್. ಡಬ್ಲ್ಯೂ. ಎಲ್ಲಿಸ್ ದಕ್ಷಿಣದ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲವೆಂದು ತೋರಿಸಿದರು. 1856ರಲ್ಲಿ ಕಾಲ್ಡ್‌ವೆಲ್ ಆ ಮಾತನ್ನು ವಿಸ್ತಾರವಾಗಿ ಸ್ಥಾಪಿಸಿದರು. ಕಳೆದುಹೋದ ಮೂಲಭಾಷೆಯ ರೂಪಗಳು ಯಾವ ಬರಹದಲ್ಲೂ ಸಿಗುವುದಿಲ್ಲವಾದ್ದರಿಂದ, ಮಕ್ಕಳ ಭಾಷೆಗಳನ್ನು ಹೋಲಿಸಿ ಪುನಾರಚಿಸಿದ ರೂಪದ ಮುಂದೆ ನಕ್ಷತ್ರ ಚಿಹ್ನೆಯನ್ನು ಇಡುವುದು ರೂಢಿ.

ಈ ಹೋಲಿಕೆ ಕಿವಿಗೆ ಕೇಳುವ ಸಾಮ್ಯದ ಮೇಲೆ ನಿಂತಿಲ್ಲ, ನಿಯತವಾದ ಧ್ವನಿ ಸಂಬಂಧಗಳ ಮೇಲೆ ನಿಂತಿದೆ. ಗಡಿಭಾಗದ ಊರುಗಳಲ್ಲಿ ಏಳು ದಿನ ನಡೆಯುವ ನಾಮಸಂಕೀರ್ತನೆಗೆ ಸಪ್ತಾಹ ಎನ್ನುತ್ತಾರೆ. ವಾರದ ಲೆಕ್ಕದ ಕಂತಿಗೆ ಹಪ್ತೆ ಎನ್ನುತ್ತಾರೆ. ಮೊದಲನೆಯದರಲ್ಲಿ ಸಂಸ್ಕೃತದ ಸಪ್ತ, ಎರಡನೆಯದರಲ್ಲಿ ಪಾರಸಿಯ ಹಫ್ತ್ ಇದ್ದು, ಎರಡೂ ಏಳು ಎಂಬ ಅರ್ಥದ *ಸೆಪ್ತಮ್‌ನಿಂದ ಬಂದಿವೆ, ಏಕೆಂದರೆ ಇರಾನಿ ಶಾಖೆಯಲ್ಲಿ ಸ್ವರಕ್ಕಿಂತ ಮೊದಲು ಬರುವ ಸಕಾರ ಹಕಾರವಾಗುತ್ತದೆ. ಸಿಂಧು ಹಿಂದು ಆದುದೂ ಇದೇ ನಿಯಮದಿಂದ. ಲ್ಯಾಟಿನ್ ಸಕಾರವನ್ನು ಉಳಿಸಿಕೊಂಡಿದ್ದರಿಂದ ಸೆಪ್ಟೆಂಬರ್ ಎಂಬ ತಿಂಗಳ ಹೆಸರಿನಲ್ಲೂ ಅದೇ ಏಳು ಕುಳಿತಿದೆ. ಪಾಲು ಹಾಲಾದ, ಪೂ ಹೂವಾದ ಕನ್ನಡದ ಹಕಾರವಾದರೋ ಪಕಾರದಿಂದ ಹುಟ್ಟಿದ್ದು. ಅದಕ್ಕೂ ಇರಾನಿ ಹಕಾರಕ್ಕೂ ಯಾವ ಸಂಬಂಧವೂ ಇಲ್ಲ.

ಒಂದೇ ಧಾತುವನ್ನು ಹತ್ತಿರದಿಂದ ನೋಡಿದರೆ ದಾರಿಗಳ ಮಹತ್ವ ಇನ್ನೂ ಸ್ಪಷ್ಟವಾಗುತ್ತದೆ. ಕಟ್ಟು ಎಂಬ ಅರ್ಥದ *ಭೆಂಧ್ ಧಾತುವಿನಲ್ಲಿ ಎರಡು ಮಹಾಪ್ರಾಣಗಳಿವೆ. ಒಂದೇ ಪದದಲ್ಲಿ ಎರಡು ಮಹಾಪ್ರಾಣಗಳು ಬಂದಾಗ ಸಂಸ್ಕೃತದಲ್ಲಿಯೂ ಗ್ರೀಕ್‌ನಲ್ಲಿಯೂ ಮೊದಲನೆಯದು ಅಲ್ಪಪ್ರಾಣವಾಗುತ್ತದೆಂದು 1863ರಲ್ಲಿ ಹರ್ಮನ್ ಗ್ರಾಸ್‌ಮನ್ ತೋರಿಸಿದರು. ಆದ್ದರಿಂದ ಸಂಸ್ಕೃತದಲ್ಲಿ ಭಂಧ ಇಲ್ಲ, ಬಂಧ ಇದೆ. ಬಂಧು ಎಂಬುದು ಇದರದೇ ಕುಡಿ, ಮಾವ ಎಂಬ ಅರ್ಥದ ಗ್ರೀಕ್‌ನ ಪೆಂಥೆರೋಸ್ ಕೂಡ ಅದೇ ಧಾತುವಿನದು. ನೆಂಟಸ್ತಿಕೆಯನ್ನು ಎರಡೂ ಸಮಾಜಗಳು ಒಂದೇ ಮಾತಿನಿಂದ ಗುರುತಿಸಿದ್ದು ಗಮನಾರ್ಹ. ಇರಾನಿ ಶಾಖೆ ಮಹಾಪ್ರಾಣಗಳನ್ನೇ ಕಳೆದುಕೊಂಡಿದ್ದರಿಂದ ಪಾರಸಿಯಲ್ಲಿ ಅದು ಬಂದ್ ಆಯಿತು. ಅಂಗಡಿ ಬಂದ್ ಎನ್ನುವಾಗ, ಹೊಲದ ಒಡ್ಡಿಗೆ ಬಂಡಿಂಗ್ ಎನ್ನುವಾಗ ಕೇಳುವುದು ಇದೇ ಪಾರಸಿ ಪದ. ಎರಡನೆಯದು ಮಾತ್ರ ಇಂಗ್ಲಿಷರ ಬಾಯಿಂದ ಸುತ್ತಿಬಂದಿದೆ. ಬಾಂಡ್ ಮತ್ತು ಬ್ಯಾಂಡೇಜ್‌ಗಳು ಜರ್ಮಾನಿಕ್ ಶಾಖೆಯ ದಾರಿಯಿಂದ ಬಂದವು.

ಬಂದೋಬಸ್ತ್ ಎಂಬುದಂತೂ ಈ ಧಾತುವನ್ನು ಎರಡು ಸಲ ಹೊತ್ತಿರುವ ಪದ. ಅದರ ಪೂರ್ವಾರ್ಧ ಬಂದ್. ಉತ್ತರಾರ್ಧದ ಬಸ್ತ್ ಎಂದರೆ ಕಟ್ಟಿದ್ದು. ಧಾತುವಿನ ಕೊನೆಯ ಧಕಾರಕ್ಕೆ ತಕಾರದ ಪ್ರತ್ಯಯ ಸೇರಿದಾಗ ಸಂಸ್ಕೃತದಲ್ಲಿ ಅವೆರಡೂ ಕೂಡಿ ದ್ಧ ಆಗುತ್ತವೆ, ಇರಾನಿಯಲ್ಲಿ ಸ್ತ ಆಗುತ್ತವೆ. ಹೀಗೆ ಸಂಸ್ಕೃತದ ಬದ್ಧ ಮತ್ತು ಪಾರಸಿಯ ಬಸ್ತ್ ಎರಡೂ ಒಂದೇ ಅಚ್ಚಿನ ರೂಪಗಳು. ಜಾತ್ರೆಗೆ ಪೊಲೀಸ್ ಬಂದೋಬಸ್ತ್ ಎನ್ನುವಾಗ ಅದರ ಜೊತೆಯ ಪೊಲೀಸ್ ಕೂಡ ದೂರದ ನಂಟನ್ನೇ ಹೇಳುತ್ತದೆ: ಅದರ ಮೂಲದಲ್ಲಿರುವ ಗ್ರೀಕ್‌ನ ಪೋಲಿಸ್, ಅಂದರೆ ನಗರ, ವಿಜಯಪುರ ಎಂಬ ಹೆಸರಿನ ಪುರ ಶಬ್ದದ ಸಹಜಾತ.

ಈ ಪದಗಳು ಹಳ್ಳಿಯವರೆಗೆ ಹೇಗೆ ಬಂದವು ಎಂಬುದಕ್ಕೆ ಆಡಳಿತದ ಚರಿತ್ರೆಯಲ್ಲಿ ಉತ್ತರವಿದೆ. ಮೊದಲನೆಯ ಇಬ್ರಾಹೀಂ ಆದಿಲಶಹ ಲೆಕ್ಕಪತ್ರಗಳಿಂದ ಪಾರಸಿಯನ್ನು ತೆಗೆದು ದೇಶಭಾಷೆಯನ್ನು ತಂದು, ಆ ಕೆಲಸವನ್ನು ಬ್ರಾಹ್ಮಣ ಕರಣಿಕರಿಗೆ ಒಪ್ಪಿಸಿದನೆಂದು ಚರಿತ್ರಕಾರ ಫರಿಷ್ತಾ ಬರೆದಿದ್ದಾನೆ. ಭಾಷೆ ಬದಲಾದರೂ ಕಚೇರಿಯ ಪರಿಭಾಷೆ ಬದಲಾಗಲಿಲ್ಲ. ದಸ್ತಾವೇಜು, ಪಂಚನಾಮೆಗಳಂಥ ಪದಗಳು ದೇಶಭಾಷೆಯ ವಾಕ್ಯದೊಳಗೇ ನೆಲೆಯಾದವು. ದಸ್ತಾವೇಜಿನ ದಸ್ತ್ ಸಂಸ್ಕೃತದ ಹಸ್ತವೇ. ಪಂಚನಾಮೆಯಲ್ಲಿ ಸಂಸ್ಕೃತದ ಪಂಚಕ್ಕೆ ಪಾರಸಿಯ ನಾಮೆ ಸೇರಿದ್ದು, ಆ ನಾಮೆಯಾದರೂ ನಾಮದ ಸಹಜಾತ. ಬ್ಯಾಂಕಿನ ಅರ್ಜಿಯಲ್ಲಿ ಬರೆಯುವ ನಾಮಿನಿಯನ್ನು ಲ್ಯಾಟಿನ್‌ನ ನೋಮೆನ್ ತಂದುಕೊಟ್ಟಿತು.

ಎರಡನೆಯ ಇಬ್ರಾಹೀಂ (1580–1627) ಈ ಕೂಡುವಿಕೆಯನ್ನು ಬುದ್ಧಿಪೂರ್ವಕವಾಗಿ ಬಳಸಿಕೊಂಡವನು. ದಖ್ಖನಿಯಲ್ಲಿ ಕಿತಾಬ್-ಎ-ನೌರಸ್ ರಚಿಸಿ, 1599ರಲ್ಲಿ ತೊರವಿಯ ಬಳಿ ನೌರಸಪುರವನ್ನು ಕಟ್ಟಿಸತೊಡಗಿದ ಅವನ ಪಾಲಿಗೆ ನೌರಸ್ ಎಂಬುದು ಭಾರತೀಯ ಕಾವ್ಯಮೀಮಾಂಸೆಯ ಒಂಬತ್ತು ರಸಗಳೂ ಹೌದು, ಪಾರಸಿಯ ಅರ್ಥದಲ್ಲಿ ಹೊಸದಾಗಿ ಬಂದದ್ದೂ ಹೌದು. ಮೊದಲನೆಯ ಅರ್ಥದಲ್ಲಿ ನೌ ಒಂಬತ್ತು, ಎರಡನೆಯದರಲ್ಲಿ ಹೊಸತು. ಸಂಸ್ಕೃತದ ನವ ಶಬ್ದವೂ ಈ ಎರಡು ಅರ್ಥಗಳನ್ನು ಹೊಂದಿದೆ. ಆದರೆ ಎರಡನೆಯ ಅರ್ಧದ ರಸ ಮತ್ತು ಬರು ಎಂಬ ಅರ್ಥದ ಪಾರಸಿಯ ರಸ್ ಬೇರೆ ಬೇರೆ ಮೂಲದವು. ಒಂದೇ ಧ್ವನಿಯಲ್ಲಿ ಎರಡು ಭಾಷೆಗಳ ರಸಿಕರನ್ನು ತಣಿಸಿದ ಈ ಹೆಸರು ದಖ್ಖನಿನ ಅತ್ಯಂತ ಸುಂದರ ಶಬ್ದಸೃಷ್ಟಿಗಳಲ್ಲಿ ಒಂದು ಎನ್ನಲೇಬೇಕು.

ವಿಜಯಪುರದ ಕೋಟೆಯ ಮಕ್ಕಾ ದರವಾಜ, ಶಹಾಪುರ ದರವಾಜಗಳ ದರ್ ಮತ್ತು ದೇವಾಲಯದ ಮಹಾದ್ವಾರ ಎರಡೂ *ಧ್ವೆರ್ ಎಂಬ ರೂಪಕ್ಕೆ ಸೇರುತ್ತವೆ, ಇಂಗ್ಲಿಷಿನ ಡೋರ್ ಕೂಡ. ನಿಯಮದ ಪ್ರಕಾರ ಸಂಸ್ಕೃತದಲ್ಲಿ ಧ್ವಾರ ಇರಬೇಕಿತ್ತು. ಎರಡು ಕದಗಳಿರುವುದರಿಂದ ದ್ವಿ ಶಬ್ದದ ಸೆಳೆತಕ್ಕೆ ಸಿಕ್ಕಿ ಅದು ದ್ವಾರವಾಯಿತೆಂದು ವಿದ್ವಾಂಸರು ವಿವರಿಸುತ್ತಾರೆ. ಮನೆಯ ಬಾಗಿಲು ಮಾತ್ರ ಈ ಕುಟುಂಬದ್ದಲ್ಲ. ಬಾಯಿ ಮತ್ತು ಮನೆ ಎಂಬ ಅರ್ಥದ ದ್ರಾವಿಡ ಶಬ್ದಗಳು ಕೂಡಿ ಆದ ಪದವದು, ತಮಿಳಿನ ವಾಯಿಲ್ ಅದರ ಒಡಹುಟ್ಟು.

ಕನ್ನಡದ ಸ್ವಂತ ಪದಗಳನ್ನು ಗುರುತಿಸದೆ ಬೇರು ಹುಡುಕಲು ಹೊರಟರೆ ದಾರಿ ತಪ್ಪುವುದು ಖಂಡಿತ. ನಿನ್ನೆ ಬಂದ ಎನ್ನುವಾಗಿನ ಬಂದ, ಬರು ಧಾತುವಿನ ರೂಪ. ಅದಕ್ಕೂ ಪಾರಸಿಯ ಬಂದ್‌ಗೂ ನಂಟಿಲ್ಲ. ಒಂದು ಮತ್ತು ಇಂಗ್ಲಿಷಿನ ವನ್ ಹತ್ತಿರವೆನಿಸಿದರೂ ಬೇರೆ ಬೇರೆ ಕುಟುಂಬದವು. ನೌಕರ ಎಂಬುದು ಪಾರಸಿಯ ಮೂಲಕ ಬಂದರೂ ಹುಟ್ಟಿನಿಂದ ಮಂಗೋಲ್ ಪದ. ಬಿಜ್ಜರಗಿಯ ಬಿಜ್ಜವನ್ನೂ ಕೇವಲ ಧ್ವನಿಸಾಮ್ಯದ ಬಲದಿಂದ ಕಲಚುರಿ ಬಿಜ್ಜಳನಿಗೋ, ವಿದ್ಯೆಯ ತದ್ಭವವಾದ ಬಿಜ್ಜೆಗೋ ಗಂಟುಹಾಕುವುದು ಶಾಸ್ತ್ರಸಮ್ಮತವಲ್ಲ; ಊರಹೆಸರಿನ ನಿರ್ಣಯಕ್ಕೆ ಹಳೆಯ ಬರಹರೂಪಗಳ ಸರಣಿ ಬೇಕು.

ಹೆಚ್ಚು ಚರ್ಚೆಗೆ ಅರ್ಹವಾದದ್ದು ಎತ್ತಿನ ಹೆಗಲ ಮೇಲಿನ ನೊಗ. ಕೂಡಿಸು ಎಂಬ ಅರ್ಥದ *ಯೆಉಗ್ ಧಾತುವಿನಿಂದ ಸಂಸ್ಕೃತದ ಯುಗ ಮತ್ತು ಯೋಗ, ಇಂಗ್ಲಿಷಿನ ಯೋಕ್, ಲ್ಯಾಟಿನ್ ಮೂಲದ ಜಂಕ್ಷನ್ ಹುಟ್ಟಿವೆ. ಸಂಸ್ಕೃತದ ಯುಗಕ್ಕೆ ನೊಗ ಎಂಬ ಅರ್ಥವೂ ಇರುವುದರಿಂದ ಕನ್ನಡದ ಪದವನ್ನು ಅದಕ್ಕೆ ಜೋಡಿಸುವವರುಂಟು. ಆದರೆ ಯೋಗಿ ಜೋಗಿಯಾಗಿ, ಯವ ಜವೆಯಾಗಿ ಬಂದಿರುವಾಗ ತದ್ಭವಗಳಲ್ಲಿ ಪದಾದಿಯ ಯಕಾರ ಜಕಾರವಾಗುವುದೇ ಸಾಮಾನ್ಯ. ತಮಿಳಿನ ನುಗಮ್ ಕೂಡ ನಕಾರದಿಂದಲೇ ಆರಂಭವಾಗುತ್ತದೆ. ಯಾನ್ ಮತ್ತು ನಾನ್ ಎಂಬ ಜೋಡಿಯಲ್ಲಿ ಕಾಣುವಂತೆ ತಮಿಳಿನಲ್ಲಿ ಯಕಾರ ನಕಾರಗಳ ಪರ್ಯಾಯ ಇರುವುದರಿಂದ ಬಹು ಪ್ರಾಚೀನವಾದ ಎರವಲಿನ ಸಾಧ್ಯತೆಯನ್ನು ತಳ್ಳಿಹಾಕಲು ಬರುವುದಿಲ್ಲ. ಆ ವಾದ ನಿಲ್ಲಬೇಕಾದರೆ ಮಾತ್ರ, ಇದೇ ದಾರಿಯಲ್ಲಿ ಯಕಾರ ಕಳೆದು ನಕಾರ ಪಡೆದ ಸಂಸ್ಕೃತದ ಬೇರೆ ಪದಗಳನ್ನೂ ತೋರಿಸಬೇಕಾಗುತ್ತದೆ. ಅಲ್ಲಿಯವರೆಗೆ ನೊಗವನ್ನು ದ್ರಾವಿಡ ಪದವೆಂದೇ ಎಣಿಸುವುದು ಯುಕ್ತ.