ಇಂಡಾಲ್ ಊರಿಗೆ ಬಂತೋ, ಊರೇ ಇಂಡಾಲ್ ಹತ್ತಿರ ಹೋಯಿತೋ?

ಕೊಲ್ಲಾಪುರ ಕಡೆಯಿಂದ ಹೆದ್ದಾರಿಯಲ್ಲಿ ಬಸ್ಸಿಗೆ ಬರುವವರಿಗೆ ಕಾಕತಿ ದಾಟಿದ ಮೇಲೆ ಬೆಳಗಾವಿ ಬಂತೆಂದು ಗೊತ್ತಾಗುವುದು ಯಮನಾಪುರದ ಕಾರ್ಖಾನೆ ಕಂಡಾಗ. ಬೋರ್ಡಿನ ಮೇಲೆ ಹಿಂಡಾಲ್ಕೊ ಅಂತ ಬರೆದಿದ್ದರೂ ಸುತ್ತಲಿನ ಹಳ್ಳಿಗಳ ಬಾಯಲ್ಲಿ ಅದು ಇವತ್ತಿಗೂ 'ಇಂಡಾಲ್'. ಐವತ್ತು ವರ್ಷದ ಹಿಂದೆ ಅದು ಊರ ಹೊರಗಿನ ಕಾರ್ಖಾನೆ. ಈಗ ಅದಕ್ಕೂ ನಗರಕ್ಕೂ ನಡುವೆ ಖಾಲಿ ಜಾಗ ಹುಡುಕಬೇಕು.

ಹೀಗಾದದ್ದು ಹೇಗೆ? ಕಾರ್ಖಾನೆ ಎದ್ದು ಬರಲಿಲ್ಲ, ಅದು ಕಟ್ಟಿದಲ್ಲೇ ಇದೆ. ನಡೆದು ಬಂದದ್ದು ನಗರ. ಆ ನಡಿಗೆಯ ಇತಿಹಾಸವನ್ನು ಈ ವಾರ ನಾವು ಬರೆಯುತ್ತಿದ್ದೇವೆ. ಇದು ಬರೀ ಬೆಳಗಾವಿ ನಗರದವರ ವಿಷಯ ಅಂದುಕೊಳ್ಳಬೇಡಿ. ನಗರ ನಡೆಯುವುದು ಯಾವಾಗಲೂ ಯಾವುದೋ ಹಳ್ಳಿಯ ಹೊಲದ ಮೇಲೇ.

ನಾಲ್ಕು ದಿಕ್ಕಿನಲ್ಲಿ ಕಟ್ಟಿಹಾಕಿದ ಊರು

1818ರಲ್ಲಿ ಬ್ರಿಟಿಷರು ಬೆಳಗಾವಿ ಕೋಟೆ ಹಿಡಿದರು. ಮುಂದೆ ಊರಿನ ಪಶ್ಚಿಮಕ್ಕೆ ದಂಡು ಬಂದು ಕೂತಿತು. ಅದೇ ಇಂದಿನ ಕ್ಯಾಂಪ್. ಸೈನ್ಯದ ಜಾಗದಲ್ಲಿ ಸಾಮಾನ್ಯರು ಮನೆ ಕಟ್ಟುವಂತಿಲ್ಲ, ಹಾಗಾಗಿ ಆ ಕಡೆ ಊರು ಬೆಳೆಯಲಿಲ್ಲ. ಪೂರ್ವಕ್ಕೆ ಕೋಟೆ, ಅದರ ಕಂದಕ, ಕೆರೆ. ದಕ್ಷಿಣಕ್ಕೆ ಶಹಾಪುರ ಇತ್ತು, ಆದರೆ ಅದು ಸಾಂಗಲಿ ಸಂಸ್ಥಾನಕ್ಕೆ ಸೇರಿದ ಊರು. ಅಂದರೆ ಒಂದೇ ಪೇಟೆಯ ಹಾಗೆ ಕಾಣುವ ಜಾಗದಲ್ಲಿ ಎರಡು ಸರ್ಕಾರ. 1880ರ ದಶಕದಲ್ಲಿ ರೈಲು ಹಳಿ ಬಂದು ಊರನ್ನು ಮತ್ತೊಮ್ಮೆ ಸೀಳಿತು.

ಶಹಾಪುರ, ವಡಗಾವಿ ಆಚೆಗೆ ಬಳ್ಳಾರಿ ನಾಲಾದ ಬಯಲು. ಬೆಳಗಾವಿ ಬಾಸುಮತಿ ಅಂತ ಹೆಸರಾದ ಅಕ್ಕಿ ಬೆಳೆಯುವ ಕಪ್ಪು ನೆಲ. ಮಳೆಗಾಲದಲ್ಲಿ ನೀರು ನಿಲ್ಲುವ ಆ ಗದ್ದೆಗಳಲ್ಲಿ ಮನೆ ಕಟ್ಟುವ ಯೋಚನೆ ಆಗ ಯಾರಿಗೂ ಬರಲಿಲ್ಲ.

ಇನ್ನು ಉಳಿದದ್ದು ಉತ್ತರದ ಹೆದ್ದಾರಿ ದಿಕ್ಕು ಮತ್ತು ದಕ್ಷಿಣ-ಪಶ್ಚಿಮದ ಖಾನಾಪುರ ರಸ್ತೆ. ಮುಂದೆ ಕಾರ್ಖಾನೆಗಳು ಬಂದದ್ದೂ ಇದೇ ಎರಡು ಕಡೆ, ಬಡಾವಣೆಗಳು ಬೆಳೆದದ್ದೂ ಇದೇ ಎರಡು ಕಡೆ. ಜಗಳದ ಮೂಲ ಇಲ್ಲಿದೆ.

ಕರೆಂಟ್ ಬಂತು, ಕಾರ್ಖಾನೆ ಬಂತು

1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮುಂಬಯಿಯಿಂದ ಮೈಸೂರು ರಾಜ್ಯಕ್ಕೆ ಬಂತು. ಮುಂದಿನ ಹತ್ತು ವರ್ಷದಲ್ಲಿ ಲಿಂಗನಮಕ್ಕಿ ಕಟ್ಟೆ ಎದ್ದು ಶರಾವತಿಯ ವಿದ್ಯುತ್ ಹರಿಯತೊಡಗಿತು. ಆ ಕಾಲಕ್ಕೆ ಅಗ್ಗದ ಕರೆಂಟು ನಮ್ಮ ರಾಜ್ಯದ ದೊಡ್ಡ ಆಕರ್ಷಣೆ.

ಅಲ್ಯೂಮಿನಿಯಂ ಅಂದರೆ ಅರ್ಧ ಮಣ್ಣು, ಅರ್ಧ ಕರೆಂಟು ಎನ್ನಬಹುದು. ಬಾಕ್ಸೈಟ್ ಎಂಬ ಕೆಂಪು ಕಲ್ಲನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ ಅಲ್ಯೂಮಿನಾ ಎಂಬ ಬಿಳಿ ಪುಡಿ ತೆಗೆಯುತ್ತಾರೆ. ಎರಡು ಟನ್ ಪುಡಿಗೆ ಸುಮಾರು ಒಂದು ಟನ್ ಲೋಹ. ಆದರೆ ಆ ಒಂದು ಟನ್ ಲೋಹಕ್ಕೆ ಹದಿಮೂರು–ಹದಿನೈದು ಸಾವಿರ ಯೂನಿಟ್ ಕರೆಂಟು ಬೇಕು. ಬಾಕ್ಸೈಟ್ ಪಕ್ಕದ ಕೊಲ್ಲಾಪುರ ಜಿಲ್ಲೆಯ ಗುಡ್ಡಗಳಲ್ಲಿತ್ತು, ಕರೆಂಟು ಶರಾವತಿಯಿಂದ, ಪುಣೆ–ಬೆಂಗಳೂರು ರಸ್ತೆ ಬಾಗಿಲಲ್ಲೇ. ಇಂಡಿಯನ್ ಅಲ್ಯೂಮಿನಿಯಂ ಕಂಪನಿ, ಅಂದರೆ ಇಂಡಾಲ್, 1960ರ ದಶಕದ ಕೊನೆಗೆ ಯಮನಾಪುರದಲ್ಲಿ ಕಾರ್ಖಾನೆ ಕಟ್ಟಿತು.

ಕರೆಂಟಿನ ಲೆಕ್ಕ ಬಹಳ ದಿನ ನಡೆಯಲಿಲ್ಲ. ರಾಜ್ಯದಲ್ಲಿ ವಿದ್ಯುತ್ ಕೊರತೆ ಶುರುವಾಗಿ, ದರವೂ ಏರಿ, ಕೊನೆಗೆ ಲೋಹ ಕರಗಿಸುವ ವಿಭಾಗ ನಿಂತೇ ಹೋಯಿತು. ಅಲ್ಯೂಮಿನಾ ತಯಾರಿಕೆ ಮಾತ್ರ ಮುಂದುವರಿಯಿತು. 2000ದಲ್ಲಿ ಇಂಡಾಲ್ ಹಿಂಡಾಲ್ಕೊ ಕೈಗೆ ಬಂತು. ಈಗ ವರ್ಷಕ್ಕೆ ಸುಮಾರು 3.5 ಲಕ್ಷ ಟನ್ ಅಲ್ಯೂಮಿನಾ ತಯಾರಿಸುವ ಸಾಮರ್ಥ್ಯ ಅದಕ್ಕಿದೆ.

ಎರಡು ಕೆಂಪು ಮಣ್ಣು

ಖಾನಾಪುರದವರಿಗೆ ಕೆಂಪು ಮಣ್ಣು ಅಂದರೆ ಅನ್ನ. ಅಲ್ಲಿನ ಮಣ್ಣಿನ ಗುಣ ನೋಡಿಯೇ ಹಂಚಿನ ಕಾರ್ಖಾನೆ, ಇಟ್ಟಿಗೆ ಭಟ್ಟಿಗಳು ಬಂದವು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಕೇಂದ್ರವೂ ಅಲ್ಲೇ ನೆಲೆ ನಿಂತಿತು. ಆ ಮಣ್ಣಿಗೆ ಕೆಂಪು ಬಣ್ಣ ಕೊಡುವುದು ಕಬ್ಬಿಣದ ಅಂಶ.

ಅಲ್ಯೂಮಿನಾ ಕಾರ್ಖಾನೆಯಿಂದ ಹೊರಬರುವ ಕೆಸರಿನ ಬಣ್ಣಕ್ಕೂ ಅದೇ ಕಬ್ಬಿಣ ಕಾರಣ. ಆದರೆ ಇದರಲ್ಲಿ ಕಾಸ್ಟಿಕ್ ಸೋಡಾ ಉಳಿದಿರುತ್ತದೆ, ಹಾಗಾಗಿ ಹಸಿಯಿದ್ದಾಗ ಚರ್ಮ ಸುಡುವಷ್ಟು ಖಾರ. ಒಂದು ಟನ್ ಅಲ್ಯೂಮಿನಾಕ್ಕೆ ಒಂದರಿಂದ ಒಂದೂವರೆ ಟನ್ ಕೆಸರು ಬರುತ್ತದೆ. ನೀರು ಹಿಂಡಿ ಒಣಗಿಸಿ ದಿಬ್ಬ ಹಾಕುವುದು, ಸಿಮೆಂಟ್ ಕಾರ್ಖಾನೆಗಳಿಗೆ ಕಳಿಸುವುದು ಇತ್ತೀಚಿನ ಪದ್ಧತಿ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಅಲ್ಯೂಮಿನಾ ಕಾರ್ಖಾನೆ ಭೋಪಾಲದಂತೆ ವಿಷಾನಿಲದ ಕಾರ್ಖಾನೆಯಲ್ಲ. ಅದರ ತೊಂದರೆ ಬೇರೆ ಬಗೆಯದು: ಧೂಳು, ಲಾರಿ, ನೀರು, ಮತ್ತು ವರ್ಷದಿಂದ ವರ್ಷಕ್ಕೆ ಬೆಳೆಯುವ ದಿಬ್ಬ. ದಿಬ್ಬವೂ ಸುಮ್ಮನೆ ಕೂತಿರುತ್ತದೆ ಅಂತಲ್ಲ. 2010ರ ಅಕ್ಟೋಬರ್ 4ರಂದು ಹಂಗೇರಿಯ ಆಯ್ಕಾದಲ್ಲಿ ಕೆಂಪು ಕೆಸರಿನ ಕಟ್ಟೆ ಒಡೆದು ಕೆಳಗಿನ ಹಳ್ಳಿಗಳಿಗೆ ನುಗ್ಗಿ 10 ಜನ ಸತ್ತರು. 2019ರ ಏಪ್ರಿಲ್‌ನಲ್ಲಿ ಜಾರ್ಖಂಡದ ಮುರಿಯಲ್ಲಿ ಹಿಂಡಾಲ್ಕೊ ಕಾರ್ಖಾನೆಯದೇ ಕೆಸರಿನ ದಿಬ್ಬ ಕುಸಿಯಿತು. ಇಂಥ ಕಾರ್ಖಾನೆಗೂ ಮನೆಗಳಿಗೂ ನಡುವೆ ಒಂದಿಷ್ಟು ಅಂತರ ಇರಬೇಕು ಅನ್ನುವುದು ಅದಕ್ಕೇ.

ನಕ್ಷೆಯ ಬಣ್ಣಗಳು

ಅಂತರ ಇಡುವ ಕೆಲಸ ಯಾರದು? ನಗರ ಯೋಜನೆಯದು. ನಮ್ಮ ಭಾಗಕ್ಕೆ ಇದು ಹೊಸದಲ್ಲ. ಮುಂಬಯಿ ಪ್ರಾಂತ್ಯದಲ್ಲಿ 1915ರಲ್ಲೇ ನಗರ ಯೋಜನಾ ಕಾಯ್ದೆ ಬಂದಿತ್ತು, ಬೆಳಗಾವಿ ಆಗ ಆ ಪ್ರಾಂತ್ಯದಲ್ಲೇ ಇತ್ತು. ಈಗ ನಡೆಯುವುದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, ಜಾರಿಗೆ ಬಂದದ್ದು 1965ರಲ್ಲಿ. 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯಡಿ ಬುಡಾ ಬಂತು.

ಯೋಜನೆ ಅಂದರೆ ಕಡೆಗೆ ಒಂದು ಬಣ್ಣದ ನಕ್ಷೆ. ಹಳದಿ ಅಂದರೆ ಮನೆ, ನೀಲಿ ಅಂದರೆ ಅಂಗಡಿ ವ್ಯಾಪಾರ, ನೇರಳೆ ಅಂದರೆ ಕಾರ್ಖಾನೆ, ತಿಳಿ ಹಸಿರು ಅಂದರೆ ಒಕ್ಕಲುತನ. ನಿಮ್ಮ ಸರ್ವೆ ನಂಬರಿನ ಮೇಲೆ ಯಾವ ಬಣ್ಣ ಬಿತ್ತು ಎಂಬುದರ ಮೇಲೆ ನಿಮ್ಮ ಎಕರೆಯ ಬೆಲೆ ನಿಂತಿದೆ.

ಈಗ ಕಾನೂನಿನ ಒಂದು ಸೂಕ್ಷ್ಮ ನೋಡಿ. ಭೋಪಾಲದ ನಂತರ ಕೇಂದ್ರ ಸರ್ಕಾರ ಒಂದರ ಹಿಂದೆ ಒಂದು ನಿಯಮ ತಂದಿತು. ಹೊಸ ಕಾರ್ಖಾನೆಯ ಸುತ್ತ ಅರ್ಧ ಕಿಲೋಮೀಟರ್ ಅಗಲದ ಹಸಿರು ಪಟ್ಟಿ ಇರಲಿ ಎಂದು 1985ರ ಮಾರ್ಗಸೂಚಿ ಹೇಳಿತು. 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿಯಾಗಿ, ಅಪಾಯಕಾರಿ ಕಾರ್ಖಾನೆಯ ಜಾಗ ಪರಿಶೀಲಿಸುವ ಸಮಿತಿ ಬಂತು. 1994ರಿಂದ ಪರಿಸರ ಪರಿಣಾಮದ ಅಧ್ಯಯನ ಕಡ್ಡಾಯವಾಯಿತು. ಇವೆಲ್ಲ ಮುಖ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಹೊಸದಾಗಿ ಬರುವ, ಇಲ್ಲವೇ ದೊಡ್ಡದಾಗುವ ಕಾರ್ಖಾನೆ ಊರಿಗೆ ಎಷ್ಟು ಹತ್ತಿರ?

ತಿರುಗಿಸಿ ಕೇಳಿ: ಇದ್ದ ಕಾರ್ಖಾನೆಯ ಹತ್ತಿರಕ್ಕೆ ಊರು ಎಷ್ಟು ಬರಬಹುದು? ಇದಕ್ಕೆ ಉತ್ತರ ಕೊಡಬೇಕಾದದ್ದು ನಗರ ಯೋಜನೆಯ ನಕ್ಷೆ ಒಂದೇ. ಇಂಡಾಲ್‌ನಂಥ ಹಳೆಯ ಕಾರ್ಖಾನೆ ಈ ನಿಯಮಗಳಿಗಿಂತ ಹದಿನೈದಿಪ್ಪತ್ತು ವರ್ಷ ಮೊದಲೇ ಬಂದು ಕೂತಿತ್ತು. ನಕ್ಷೆ ಸುಮ್ಮನಿದ್ದರೆ ತಡೆಯುವವರು ಯಾರೂ ಇಲ್ಲ.

ನಗರ ನಡೆದ ದಾರಿ

ಉತ್ತರದಲ್ಲಿ ಏನಾಯಿತು? ಹೆದ್ದಾರಿಯ ಪಕ್ಕ ಆಸ್ಪತ್ರೆ, ಕಾಲೇಜು ಬಂದವು. ಸದಾಶಿವನಗರ, ಮಹಾಂತೇಶ ನಗರ, ರಾಮತೀರ್ಥ ನಗರ ಅಂತ ಬಡಾವಣೆಗಳು ಬೆಳೆದವು. ಆಟೊ ನಗರ, ಕಣಬರಗಿ, ಹೊನಗಾದಲ್ಲಿ ಸಣ್ಣ ಕೈಗಾರಿಕೆಗಳಿಗೆ ಜಾಗವಾಯಿತು. ಒಂದೊಂದೂ ತನ್ನಷ್ಟಕ್ಕೆ ಸರಿಯೇ. ಆಸ್ಪತ್ರೆ ಬೇಕು, ಮನೆ ಬೇಕು, ಗ್ಯಾರೇಜೂ ಬೇಕು. ಆದರೆ ಎಲ್ಲ ಸೇರಿ ನಡುವಿನ ಬಯಲನ್ನು ನುಂಗಿದವು. ಯಮನಾಪುರ, ಕಾಕತಿ ಒಂದು ಕಾಲಕ್ಕೆ ಬೆಳಗಾವಿಗೆ ಹಾಲು, ಕಾಯಿಪಲ್ಲೆ ತರುತ್ತಿದ್ದ ದಿಕ್ಕು. ಕಿತ್ತೂರು ಚೆನ್ನಮ್ಮ ಹುಟ್ಟಿದ ಕಾಕತಿಯಲ್ಲಿ ಈಗ ಹೊಲಕ್ಕಿಂತ ಪ್ಲಾಟಿನ ಮಾತೇ ಹೆಚ್ಚು.

ಖಾನಾಪುರ ರಸ್ತೆಯ ಕಥೆ ಇದರ ಅವಳಿ. ಅಲ್ಲಿ ಒಂದು ದೊಡ್ಡ ಕಾರ್ಖಾನೆಯ ಬದಲು ನೂರಾರು ಸಣ್ಣವು. ಊರ ಹೊರಗಿರಲಿ ಎಂದು ಉದ್ಯಮಬಾಗ್ ಕಟ್ಟಿದರು. ಎರಕ ಹೊಯ್ಯುವ ಫೌಂಡ್ರಿ, ಲೇಥ್ ಅಂಗಡಿ, ಪಂಪು, ಎಂಜಿನ್ ಬಿಡಿಭಾಗ. ಖಾನಾಪುರ ತಾಲೂಕಿನ ಎಷ್ಟೋ ಮನೆಗಳ ಹುಡುಗರು ಬೆಳಗಿನ ಬಸ್ಸು ಹಿಡಿದು ದುಡಿಯಲು ಬರುವುದು ಇಲ್ಲಿಗೇ. ಅನಗೋಳ, ಟಿಳಕವಾಡಿ ಬೆಳೆದು ಉದ್ಯಮಬಾಗನ್ನು ಮುಟ್ಟಿದವು. ಆಗ ಕೈಗಾರಿಕೆಗೆ ಇನ್ನೂ ಮುಂದೆ ಮಚ್ಛೆ, ದೇಸೂರಿನಲ್ಲಿ ಜಾಗ ಆಯಿತು. ಈಗ ಪೀರನವಾಡಿ, ಮಚ್ಛೆಯೂ ನಗರದ ಬಾಲದ ಹಾಗೆ ಬೆಳೆದಿವೆ. ಕೈಗಾರಿಕೆ ಮುಂದೆ ಓಡುವುದು, ಮನೆಗಳು ಬೆನ್ನು ಹತ್ತುವುದು. ಈ ಓಟ ಇದೇ ರಸ್ತೆಯಲ್ಲಿ ನಡೆದರೆ ಮುಂದಿನ ನಿಲ್ದಾಣ ಯಾವುದು ಅಂತ ಖಾನಾಪುರ ತಾಲೂಕಿನವರಿಗೆ ನಾವು ಹೇಳಬೇಕಿಲ್ಲ.

ನಡುವಿನ ಜಾಗಕ್ಕೆ ಹಣ ಕೊಡುವವರು ಯಾರು?

ಕಾರ್ಖಾನೆ ಸುತ್ತ ಒಂದು ಕಿಲೋಮೀಟರ್ ಮನೆ ಕಟ್ಟಬಾರದು ಅಂತ ಬರೆದುಬಿಟ್ಟರೆ ಮುಗಿಯಿತಲ್ಲ ಎಂದು ನಗರದಲ್ಲಿ ಕೂತವರು ಸುಲಭವಾಗಿ ಹೇಳುತ್ತಾರೆ. ಮುಗಿಯುವುದಿಲ್ಲ. ಆ ಒಂದು ಕಿಲೋಮೀಟರ್ ಖಾಲಿ ಜಾಗವಲ್ಲ, ಅದು ಯಾರದೋ ಉತಾರದಲ್ಲಿರುವ ಹೊಲ. ಆಚೆ ದಂಡೆಯ ರೈತ ಎನ್‌ಎ ಮಾಡಿಸಿ ಗುಂಟೆ ಲೆಕ್ಕದಲ್ಲಿ ಮಾರಿ ಮಗಳ ಮದುವೆ, ಮಗನ ಓದು ಮುಗಿಸುತ್ತಾನೆ. ಈಚೆಯವನ ಹೊಲಕ್ಕೆ ಹಸಿರು ಬಣ್ಣ ಬಳಿದರೆ ಅವನು ಧೂಳು ಬೀಳುವ ಭೂಮಿಯಲ್ಲಿ ಜೋಳ ಬಿತ್ತುತ್ತ ಕೂರಬೇಕು. ಕಾರ್ಖಾನೆಯ ಲಾಭ ಒಬ್ಬರಿಗೆ, ನಗರದ ಲಾಭ ಇನ್ನೊಬ್ಬರಿಗೆ, ಅಂತರ ಕಾಯುವ ಕೆಲಸ ಮಾತ್ರ ಇವನಿಗೆ, ಅದೂ ಪುಕ್ಕಟೆ. ಹೀಗಾದಾಗ ಅವನು ಬಣ್ಣ ಬದಲಿಸಲು ಓಡಾಡುವುದು ತಪ್ಪೆಂದು ನಾವು ಹೇಳಲಾರೆವು.

ಆದರೆ ಬಣ್ಣ ಬದಲಾದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಗಳಿವೆ. ಭೋಪಾಲದ 1975ರ ನಗರ ಯೋಜನೆ ಅಪಾಯಕಾರಿ ಕಾರ್ಖಾನೆಗಳನ್ನು ಊರಾಚೆ ಸಾಗಿಸಿ ಎಂದು ಹೇಳಿತ್ತು. ಯೂನಿಯನ್ ಕಾರ್ಬೈಡ್ ಅಲ್ಲೇ ಉಳಿಯಿತು. ಗೋಡೆಯ ಆಚೆ ಬಡವರ ಗುಡಿಸಲು ಬೆಳೆದವು, 1984ರಲ್ಲಿ ಗುಡಿಸಲಿನವರಿಗೆ ಸರ್ಕಾರ ಪಟ್ಟಾ ಕೊಟ್ಟಿತು. ಅದೇ ವರ್ಷ ಡಿಸೆಂಬರ್ 2ರ ರಾತ್ರಿ ಅನಿಲ ಸೋರಿ ಸಾವಿರಾರು ಜನ ಸತ್ತರು. ವಿಶಾಖಪಟ್ಟಣದಲ್ಲಿ 1961ರಲ್ಲಿ ಊರಾಚೆ ಕಟ್ಟಿದ ಪಾಲಿಮರ್ ಕಾರ್ಖಾನೆಯನ್ನು ಊರು ಸುತ್ತುವರಿಯಿತು. 2020ರ ಮೇ 7ರ ನಸುಕಿನಲ್ಲಿ ಅನಿಲ ಸೋರಿ 12 ಜನ ತೀರಿಕೊಂಡರು.

ಫ್ರಾನ್ಸಿನ ತುಲೂಸ್ ನಗರದ್ದೂ ಅದೇ ಕಥೆ. ಊರ ಹೊರಗಿದ್ದ ರಸಗೊಬ್ಬರ ಕಾರ್ಖಾನೆ, ಸುತ್ತ ಬೆಳೆದ ಊರು. 2001ರ ಸೆಪ್ಟೆಂಬರ್ 21ರಂದು ಸ್ಫೋಟವಾಗಿ 31 ಜನ ಸತ್ತರು. ಆ ದೇಶ ಆಮೇಲೆ ಮಾಡಿದ್ದನ್ನು ನಾವು ಗಮನಿಸಬೇಕು. 2003ರ ಕಾನೂನಿನಲ್ಲಿ, ಈಗಾಗಲೇ ಇರುವ ಅಪಾಯಕಾರಿ ಕಾರ್ಖಾನೆಗಳ ಸುತ್ತ ಎಲ್ಲಿ ಮನೆ ಇರಬಾರದು ಎಂದು ಗೆರೆ ಎಳೆದು, ಗೆರೆಯೊಳಗೆ ಸಿಕ್ಕವರ ಮನೆಗಳನ್ನು ಕೊಳ್ಳುವ ವ್ಯವಸ್ಥೆ ಮಾಡಿತು. ಖರ್ಚನ್ನು ಸರ್ಕಾರ, ಕಂಪನಿ, ಸ್ಥಳೀಯ ಆಡಳಿತ ಮೂವರೂ ಹಂಚಿಕೊಳ್ಳಬೇಕು. ನಡುವಿನ ಜಾಗಕ್ಕೆ ಬೆಲೆ ಇದೆ, ಅದನ್ನು ರೈತನ ತಲೆಗೆ ಕಟ್ಟಬಾರದು ಎಂದು ಒಪ್ಪಿಕೊಂಡ ಕಾನೂನು ಅದು.

ನಮ್ಮ ಅಭಿಪ್ರಾಯವೂ ಇದೇ. ಕಾರ್ಖಾನೆಗೆ ಜಾಗ ಕೊಡುವ ದಿನವೇ ಅಂತರದ ಜಾಗವನ್ನೂ ಬೆಲೆ ಕೊಟ್ಟು ಕೊಳ್ಳಬೇಕು. ಹಳೆಯ ಕಾರ್ಖಾನೆಯಾದರೆ ಈಗಲಾದರೂ ಕೊಳ್ಳಬೇಕು, ಇಲ್ಲವೇ ಒಕ್ಕಲುತನ ಮಾಡಿಕೊಂಡು ಅಂತರ ಕಾಯುವ ರೈತನಿಗೆ ವರ್ಷಕ್ಕಿಷ್ಟು ಎಂದು ಪರಿಹಾರ ಕೊಡಬೇಕು. ಪುಕ್ಕಟೆ ಎಳೆದ ಹಸಿರು ಗೆರೆ ಬಾಳುವುದಿಲ್ಲ. ಬೆಳಗಾವಿಯ ಐವತ್ತು ವರ್ಷದ ಇತಿಹಾಸ ಹೇಳುವುದು ಅದನ್ನೇ.

ನೀವು ಮಾಡಬಹುದಾದದ್ದು

ಕಾಯ್ದೆ ಪ್ರಕಾರ ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ಕರಡು ಪ್ರಕಟವಾದ ಮೇಲೆ ಜನರ ಆಕ್ಷೇಪಣೆಗೆ 60 ದಿನ ಇರುತ್ತದೆ. ನಡುವೆ ಒಂದು ಸರ್ವೆ ನಂಬರಿನ ಉಪಯೋಗ ಬದಲಿಸಬೇಕಾದರೂ ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು. ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಆ ಪ್ರಕಟಣೆಯನ್ನು ಹಳ್ಳಿಯಲ್ಲಿ ಓದುವವರು ಕಡಿಮೆ. ಹಲಗಾ–ಮಚ್ಛೆ ಬೈಪಾಸ್ ವಿಷಯದಲ್ಲಿ ರೈತರು ವರ್ಷಗಟ್ಟಲೆ ಬೀದಿ, ಕೋರ್ಟು ಅಲೆದದ್ದನ್ನು ನೀವು ನೋಡಿದ್ದೀರಿ. ಕಾಗದದ ಮೇಲಿನ ಗೆರೆ ಹೊಲದಲ್ಲಿ ಜೆಸಿಬಿಯಾಗಿ ಬಂದ ಮೇಲೆ ಹೋರಾಟ ಬಹಳ ಕಷ್ಟ.

ನಿಮ್ಮ ಊರು ಯೋಜನಾ ಪ್ರದೇಶದೊಳಗಿದ್ದರೆ ಪ್ರಾಧಿಕಾರದ ಕಚೇರಿಗೆ ಹೋಗಿ ನಿಮ್ಮ ಸರ್ವೆ ನಂಬರಿನ ಬಣ್ಣ ಕೇಳಿ. ಪ್ಲಾಟ್ ಕೊಳ್ಳುವವರು ಉತಾರದ ಜೊತೆ ಪಕ್ಕದ ನೇರಳೆ ಎಲ್ಲಿಯವರೆಗೆ ಇದೆ ಎಂದೂ ನೋಡಿ. ಪ್ರಕಟಣೆ ಕಂಡರೆ ಫೋಟೊ ಹೊಡೆದು ಊರಿನ ಗ್ರೂಪಿಗೆ ಹಾಕಿ, ಗ್ರಾಮಸಭೆಯಲ್ಲಿ ಓದಿ ಹೇಳಿ. ಗಾವಠಾಣದ ಗಡಿ, ಗೋಮಾಳ, ಹಳ್ಳ, ಸ್ಮಶಾನದ ದಾರಿ ನಕ್ಷೆಯಲ್ಲಿ ಇವೆಯೇ ಎಂದು ಹಿರಿಯರನ್ನು ಕೂಡಿಸಿಕೊಂಡು ನೋಡಿ. ಅವು ಇಲ್ಲದಿದ್ದರೆ 60 ದಿನದೊಳಗೆ ಬರೆದು ಕೊಟ್ಟು, ಮುಟ್ಟಿದ್ದಕ್ಕೆ ಸಹಿ–ಸಿಕ್ಕಾ ಹಾಕಿಸಿಕೊಳ್ಳಿ.